ಪ್ರಯೋಗದ ಗಿರಾಕಿ

ಅವನೆದುರಿನ ಕಂಪ್ಯೂಟರ್ ಪರದೆಯ ಮೇಲೆ ಅಣ್ಣನ ಮನೆಯ ವಿಳಾಸವಿತ್ತು. ಅದರ ಪಕ್ಕದಲ್ಲಿ ಸಾಲಾಗಿ ಹಸಿರು ಚುಕ್ಕೆಗಳು. ಹಸಿರು ಚುಕ್ಕೆಯೆಂದರೆ ಕಂಪನಿಯವರು ಆ ಮನೆಗೆ ಹೋಗಿದ್ದಾರೆ, ಕೆಲಸ ಮುಗಿಸಿ ಬಂದಿದ್ದಾರೆ ಎಂದು ಅರ್ಥ. ಆ ಅರ್ಥವನ್ನು ಗೊತ್ತುಮಾಡಿದವನೂ ಅವನೇ, ಬಣ್ಣ ಆರಿಸಿದವನೂ ಅವನೇ. ಹಾಗಿದ್ದೂ ತಾನು ನೋಡುತ್ತಿರುವುದು ಏನು ಎಂದು ಅವನಿಗೆ ಬಗೆಹರಿಯಲಿಲ್ಲ. ಗಿರಾಕಿಯ ಹೆಸರು ಇರಬೇಕಾದ ಕಡೆ ‘ಅತ್ತಿಗೆ’ ಎಂದಿತ್ತು. ಅದನ್ನು ಬರೆದದ್ದೂ ತಾನೇ ಎನ್ನುವುದು ಮೆಲ್ಲಗೆ ನೆನಪಾಯಿತು. ಆದರೆ ಚುಕ್ಕೆಗಳ ಕೆಳಗಿದ್ದ ಸಾಲುಗಳನ್ನು ಅವನು ಬರೆದಿರಲಿಲ್ಲ. ‘ಸೂಜಿಗೆ ದಾರ ಪೋಣಿಸಿಕೊಟ್ಟೆ.’ ‘ಬೇಕರಿ ತನಕ ನಡೆದು ಬಂದೆವು. ಅಮ್ಮನಿಗೆ ಸ್ವಲ್ಪ ಮಂಡಿನೋವು.’ ‘ಇವತ್ತು ಅಮ್ಮ ಮಾತಾಡಲಿಲ್ಲ. ಕೂತಿದ್ದು ಬಂದೆ.’ ಕೊನೆಯದನ್ನು ಅವನು ಮತ್ತೆ ಮತ್ತೆ ಓದಿದ. ಕೂತಿದ್ದು ಬಂದೆ ಎಂದರೆ ಯಾರು ಕೂತಿದ್ದು ಬಂದದ್ದು, ಯಾವ ಕುರ್ಚಿಯ ಮೇಲೆ? ಅಣ್ಣ ತೀರಿಹೋದ ಮೇಲೆ ಆ ಮನೆಯ ಕುರ್ಚಿಯ ಮೇಲೆ ಕೂರಬೇಕಾಗಿದ್ದವನು ಅವನು. ಕೂತಿರಲಿಲ್ಲ. ಕೂತಿದ್ದು ಒಂದೇ ಒಂದು ಸಲ, ಅದೂ ಕುರ್ಚಿಯ ಅಂಚಿನಲ್ಲಿ, ಬಸ್ಸಿಗೆ ಕಾಯುವವನ ಹಾಗೆ.

ಅವನ ಕಂಪನಿ ಮನೆಮನೆಗೆ ಜನ ಕಳಿಸುವ ಕಂಪನಿ. ನಲ್ಲಿ ರಿಪೇರಿಗೆ, ಫ್ಯಾನು ಒರೆಸುವುದಕ್ಕೆ, ಮಲಗಿದಲ್ಲೇ ಇರುವ ರೋಗಿಗೆ ಮೈ ಒರೆಸಿ ಬಟ್ಟೆ ಬದಲಾಯಿಸುವುದಕ್ಕೆ. ಯಾವ ಸೇವೆಯನ್ನೇ ಮಾರಲಿ, ಮೊದಲು ಅದನ್ನು ಈ ಸಾಫ್ಟ್‌ವೇರಿನಲ್ಲಿ ಕಟ್ಟಬೇಕು. ಏನು ಕೊಡುತ್ತೇವೆ, ಯಾರಿಗೆ, ಎಷ್ಟು ಹೊತ್ತು, ಕೆಟ್ಟರೆ ಯಾರು ಹೊಣೆ, ಹೋದವನು ಮೊದಲು ಏನು ಮಾಡಬೇಕು, ಆಮೇಲೆ ಏನು. ಎಲ್ಲವೂ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ಈ ಚೌಕ ಬಾಣಗಳ ಕೆಲಸ ಅವನದು. ಆಫೀಸಿನಲ್ಲಿ ಅವನ ಬೆನ್ನ ಹಿಂದೆ ಅವನಿಗೆ ನಕ್ಷೆರಾಯ ಎಂದು ಹೆಸರು. ಅದು ಅವನ ಕಿವಿಗೂ ಬಿದ್ದಿತ್ತು, ಬಿದ್ದದ್ದು ತೋರಿಸಿಕೊಂಡಿರಲಿಲ್ಲ. ಸೇವೆಯನ್ನು ಕಟ್ಟಿದ ಮೇಲೆ ಒಬ್ಬ ಸುಳ್ಳು ಗಿರಾಕಿಯನ್ನು ಸೃಷ್ಟಿಸಿ ಓಡಿಸಿ ನೋಡಬೇಕು. ಅಂಥವರಿಗೆ ಪ್ರಯೋಗದ ಗಿರಾಕಿ ಎನ್ನುತ್ತಿದ್ದರು, ಅವರ ಹೆಸರಿಗೆ ಬಿಲ್ ಹೋಗುತ್ತಿರಲಿಲ್ಲ. ಎಲ್ಲರೂ ಬಾಯಿಗೆ ಬಂದ ಹೆಸರು ಕೊಡುತ್ತಿದ್ದರು. ವಿಳಾಸ ಮಾತ್ರ ನಿಜವಾದದ್ದೇ ಬೇಕಿತ್ತು, ಸುಳ್ಳು ಬೀದಿ ಬರೆದರೆ ಯಂತ್ರ ನುಂಗುತ್ತಿರಲಿಲ್ಲ. ಒಂಟಿಯಾಗಿರುವ ಹಿರಿಯರ ಜೊತೆ ಹೋಗಿ ಕೂತು ಬರುವ ಜೊತೆಗಾರ ಸೇವೆ ಎಂಬ ಹೊಸದೊಂದನ್ನು ಕಟ್ಟಿ ಓಡಿಸಿ ನೋಡುವ ದಿನ ಅವನ ಬೆರಳುಗಳು ಯಾವ ವಿಳಾಸ ಒತ್ತಲಿ ಎಂದು ಅವನನ್ನು ಕೇಳಿರಲಿಲ್ಲ, ತಾವಾಗಿಯೇ ಒತ್ತಿದ್ದವು.

‘ಗುಬ್ಬಿ, ಇಲ್ಲಿ ಬಾಮ್ಮ ಸ್ವಲ್ಪ,’ ಎಂದು ಪಕ್ಕದ ಮೇಜಿನವಳನ್ನು ಕರೆದ. ಅವನು ಕಟ್ಟಿದ್ದನ್ನೆಲ್ಲ ಒತ್ತಿ ತಿರುಚಿ ಎಲ್ಲಿ ಮುರಿಯುತ್ತದೆ ಎಂದು ನೋಡುವ ಕೆಲಸ ಅವಳದು. ಹುಡುಗಿ ಸಣ್ಣಗೆ, ಮಾತು ಮಾತ್ರ ದಂಡಿ. ‘ಪ್ರಯೋಗದ ಗಿರಾಕಿಗೆ ನೀನು ಕಥೆ ಕಟ್ಟಿ ಬರೀತಾ ಇದ್ದೀಯಾ?’

‘ಯಾವ ಕಥೆ ಸರ್?’ ಗುಬ್ಬಿ ಬಗ್ಗಿ ಓದಿದಳು. ‘ಅಯ್ಯೋ, ನಾನಲ್ಲಪ್ಪ. ನಾನು ಬರೆಯೋದಾದ್ರೆ ಅ ಆ ಇ ಈ ಅಂತ ಒತ್ತಿ ಮುಂದಕ್ಕೆ ಹೋಗ್ತೀನಿ. ಮಂಡಿನೋವು, ಬೇಕರಿ ಅಂತೆಲ್ಲ ಬರ್ಕೊಂಡು ಕೂರೋಕೆ ನನಗೇನು ಹುಚ್ಚಾ?’ ಆಮೇಲೆ ಅವಳ ದನಿ ಇಳಿಯಿತು. ‘ಸರ್, ಇದು ನಿಜವಾಗ್ಲೂ ಹೋಗಿರೋ ಹಾಗಿದೆಯಲ್ಲ? ಹೋದ ಸಲ ಸರ್ವರ್ ಬದಲಾಯಿಸಿದಾಗ ಪ್ರಯೋಗದ್ದು ಒಂದು ತಪ್ಪಿಸಿಕೊಂಡು ಅಸಲಿ ಆರ್ಡರ್‌ಗಳ ಜೊತೆ ಸೇರ್ಕೊಂಡಿರ್ಬೇಕು. ಯಾರ ಮನೆ ಸರ್ ಇದು?’

‘ಯಾರದೋ,’ ಎಂದ ಅವನು. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಇಷ್ಟು ಸಣ್ಣ ಹುಡುಗಿಯ ಮುಂದೆ ಸುಳ್ಳು ಹೇಳುವ ದರ್ದು ಏನಿತ್ತು? ಅವಳು ಹೋಗಿ ಕೂತಳು, ಆದರೆ ಅವಳ ಕಣ್ಣು ತನ್ನ ಬೆನ್ನ ಮೇಲೇ ಇದೆ ಎಂದು ಅವನಿಗೆ ಅನಿಸಿತು. ಜನ ಕಳಿಸುವ ವಿಭಾಗಕ್ಕೆ ಫೋನು ಮಾಡಿದ. ಅಲ್ಲಿ ಯಾವಾಗಲೂ ಗದ್ದಲ, ಎಲ್ಲರೂ ಒಟ್ಟಿಗೇ ಮಾತಾಡುವವರು. ‘ಆ ಅಡ್ರೆಸ್ಸಾ? ಹೌದು ಸರ್, ಪ್ರತಿ ಗುರುವಾರ ನಮ್ಮ ಉದ್ದನೆಯವನು ಹೋಗ್ತಾನೆ. ತಪ್ಪಿಸಿದ್ದೇ ಇಲ್ಲ. ಇವತ್ತೂ ಐದು ಗಂಟೆಗೆ ಹೋಗೋನಿದ್ದಾನೆ. ಯಾಕೆ ಸರ್, ಕಂಪ್ಲೇಂಟ್ ಏನಾದ್ರೂ ಬಂತಾ?’ ಇಲ್ಲ ಇಲ್ಲ ಎಂದು ಫೋನಿಟ್ಟ.  ನಗು ಬರುತ್ತಿತ್ತು, ಆ ನಗು ಎಲ್ಲಿಂದ ಬರುತ್ತಿದೆ ಎಂದು ತಿಳಿಯಲಿಲ್ಲ. ಅಣ್ಣನ ಮನೆ ಇಲ್ಲಿಂದ ಬಸ್ಸಿನಲ್ಲಿ ಹೆಚ್ಚೆಂದರೆ ಅರ್ಧ ಗಂಟೆಯ ದಾರಿ. ಅವನು ವರ್ಷದಿಂದ ಹತ್ತದ ಆ ಮೆಟ್ಟಿಲುಗಳನ್ನು ಉದ್ದನೆಯವನೊಬ್ಬ ಪ್ರತಿ ಗುರುವಾರ ಹತ್ತಿ ಇಳಿಯುತ್ತಿದ್ದ. ಇವನು ಬರೆದುಕೊಟ್ಟ ಹೆಜ್ಜೆಗಳನ್ನೇ ಒಂದೊಂದಾಗಿ ಇಡುತ್ತಿದ್ದ. ಬೆಲ್ ಒಂದೇ ಸಲ ಒತ್ತಬೇಕು, ಒಳಗಿನವರು ನಿಧಾನವಾಗಿ ಬರುವವರು, ಎರಡನೇ ಸಲ ಒತ್ತಿ ಅವಸರಪಡಿಸಬಾರದು. ಕುರ್ಚಿಗೆ ಬೆನ್ನು ಕೊಟ್ಟು ಕೂರಬೇಕು. ಅವರು ಮಾತಾಡದಿದ್ದರೂ ಕೂತಿರಬೇಕು, ಮೌನಕ್ಕೆ ಹೆದರಬಾರದು. ಫೋನು ಜೇಬಿನಿಂದ ಹೊರಗೆ ಬರಬಾರದು. ಹೊರಡುವಾಗ ಮುಂದೆ ಬರುವ ದಿನ ಹೇಳಬೇಕು, ಹೇಳಿದ ದಿನ ಹೋಗಲೇಬೇಕು. ಇದನ್ನು ಮೀಟಿಂಗಿನಲ್ಲಿ ತೋರಿಸಿದಾಗ ಮ್ಯಾನೇಜರ್ ಕನ್ನಡಕ ತೆಗೆದು, ಮನುಷ್ಯರನ್ನ ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದೀರಿ ಅಂದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅವನು ನೀರು ಕುಡಿಯುವ ನೆಪದಲ್ಲಿ ಲೋಟದ ಹಿಂದೆ ಮುಖ ಮರೆಸಿಕೊಂಡಿದ್ದ. ಅದರಲ್ಲಿ ಅರ್ಥ ಮಾಡಿಕೊಂಡದ್ದು ಏನೂ ಇರಲಿಲ್ಲ. ಅಣ್ಣ ಹೋದ ಹದಿನೈದು ದಿನಕ್ಕೆ ಆ ಮನೆಗೆ ಹೋಗಿ ತಾನು ಏನೇನು ಮಾಡಿದ್ದನೋ ಅದನ್ನೆಲ್ಲ ಒಂದೊಂದಾಗಿ ಬೇಡ ಎಂದು ಬರೆದಿದ್ದ, ಅಷ್ಟೆ.

ಅವತ್ತು ಅತ್ತಿಗೆ ಎದುರಿಗೆ ಕೂತಿದ್ದರು, ಕಿಟಕಿ ಕಡೆ ಮುಖ ಮಾಡಿ. ಅಣ್ಣನ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು. ಅಣ್ಣ ದರ್ಜಿ, ಅಂಗಡಿಯಲ್ಲಿ ಅವನು ಕತ್ತರಿಸಿ ಹೊಲಿದದ್ದಕ್ಕೆ ಅತ್ತಿಗೆ ಕೂತು ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದರು, ದಿನವಿಡೀ ಒಬ್ಬರ ಮುಖ ಒಬ್ಬರು ನೋಡದೆ, ಆದರೆ ಮಾತು ನಿಲ್ಲಿಸದೆ. ಆ ಮಾತಿನ ಮಧ್ಯೆ ಬೆಳೆದವನು ಇವನು. ಸಂಜೆ ಶಾಲೆ ಬಿಟ್ಟ ಮೇಲೆ ಅಂಗಡಿಯ ಹಲಗೆಯ ಕೆಳಗೆ ಕೂತು ಬಟ್ಟೆಯ ಚೂರುಗಳ ಮೇಲೆ ನಿದ್ದೆ ಮಾಡಿದವನು. ಅಂಥ ಮನುಷ್ಯರ ಎದುರಿಗೆ ಕೂತು ಅವನಿಗೆ ಒಂದು ಮಾತೂ ಹೊರಡಲಿಲ್ಲ. ಫೋನು ತೆಗೆದ. ಏನೋ ಓದುವವನ ಹಾಗೆ ಬೆರಳಾಡಿಸಿದ. ಅತ್ತಿಗೆ ಅದನ್ನು ನೋಡಿದರು, ನೋಡಿ ಕಿಟಕಿಯ ಕಡೆಗೇ ತಿರುಗಿದರು. ಬರುವ ವಾರ ಬರ್ತೀನಿ ಅತ್ತಿಗೆ ಎಂದು ಎದ್ದು ಬಂದ. ಬರುವ ವಾರ ಹೋಗಲಿಲ್ಲ. ಹೋಗಲಿಲ್ಲವಲ್ಲ ಎಂಬ ನಾಚಿಕೆಗೆ ಅದರ ಮುಂದಿನ ವಾರ ಹೋಗಲಿಲ್ಲ. ಆಮೇಲೆ ಇಷ್ಟು ದಿನ ಬಿಟ್ಟು ಯಾವ ಮುಖ ಹೊತ್ತುಕೊಂಡು ಹೋಗುವುದು ಎಂದು ಹೋಗಲಿಲ್ಲ. ಹೆಂಡತಿ ಮೊದಲು ಹೇಳಿ ನೋಡಿದಳು, ಆಮೇಲೆ ಬೈದಳು, ಕಡೆಗೆ ಅಣಕಿಸಿದಳು. ‘ನಿಮಗೆ ಸ್ವಂತ ಅತ್ತಿಗೆ ಮನೆಗೆ ಹೋಗೋಕೂ ಚೌಕ ಬಾಣ ಬರ್ಕೊಡ್ಬೇಕು ಯಾರಾದ್ರೂ.’ ಆ ಮಾತು ಕೇಳಿದ ಮರುದಿನವೇ ಅವನು ಜೊತೆಗಾರ ಸೇವೆಯ ಮೊದಲ ಚೌಕ ಎಳೆದದ್ದು ಎಂದು ಈಗ ಹೊಳೆಯಿತು. ಹೊಳೆದದ್ದು ನಿಜವೋ ಈಗ ತಾನೇ ಕಟ್ಟಿಕೊಂಡದ್ದೋ ಎನ್ನುವುದು ಗೊತ್ತಾಗಲಿಲ್ಲ.

ಮ್ಯಾನೇಜರ್ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, ‘ನಾಳೆ ಹೊಸ ಆವೃತ್ತಿ ಶುರು. ಸಂಜೆಯೊಳಗೆ ಪ್ರಯೋಗದ ಗಿರಾಕಿಗಳನ್ನೆಲ್ಲ ಗುಡಿಸಿ ಹಾಕ್ಬಿಡಿ. ಒಂದೂ ಉಳೀಬಾರದು.’ ಒಂದೇ ಒಂದು ಗುಂಡಿ ಒತ್ತುವ ಕೆಲಸ. ಅವನು ಬೆರಳಿಟ್ಟ, ಒತ್ತಲಿಲ್ಲ. ಒತ್ತಿದರೆ ಬರುವ ಗುರುವಾರದಿಂದ ಉದ್ದನೆಯವನು ಹೋಗುವುದಿಲ್ಲ. ಅತ್ತಿಗೆ ಐದು ಗಂಟೆಗೆ ಬಾಗಿಲು ನೋಡುತ್ತಾ ಕೂತಿರುತ್ತಾರೆ, ಬೆಲ್ ಆಗುವುದಿಲ್ಲ. ಒತ್ತದಿದ್ದರೆ ಈಕೆ ಪ್ರಯೋಗದವಳಲ್ಲ, ನಿಜವಾದವಳು ಎಂದು ಹೇಳಬೇಕು. ಹೇಳಿದರೆ ಯಾರು ಗೊತ್ತುಮಾಡಿದ್ದು, ನಿಮಗೇನಾಗಬೇಕು ಎಂಬ ಪ್ರಶ್ನೆ ಬರುತ್ತದೆ. ಇದಕ್ಕಿಂತ ದೊಡ್ಡ ಪೀಕಲಾಟ ಇನ್ನೊಂದಿತ್ತು. ಅತ್ತಿಗೆ ಈ ಮನುಷ್ಯನನ್ನು ಯಾರು ಕಳಿಸುತ್ತಿದ್ದಾರೆ ಎಂದುಕೊಂಡಿದ್ದಾರೆ? ಕಳೆದ ತಿಂಗಳು ಅವರ ಫೋನು ಬಂದಿತ್ತು, ಎರಡು ಸಲ. ಯಾಕೆ ಬರಲಿಲ್ಲ ಎಂದು ಕೇಳಲು ಮಾಡಿದ್ದಾರೆ ಎಂದು ಹೆದರಿ ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುವ ತನಕ ಮೇಜಿನ ಮೇಲೆ ಬೋರಲು ಹಾಕಿಟ್ಟಿದ್ದ. ಈಗ ಹೋಗಬೇಕು, ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕು ಎಂದುಕೊಂಡು ಎದ್ದ. ಎದ್ದದ್ದೇ ತಾನು ಬಹಳ ಒಳ್ಳೆಯವನಾದ ಹಾಗೆ ಅನಿಸಿತು. ಲಿಫ್ಟಿನ ಕನ್ನಡಿಯಲ್ಲಿ ಆ ಒಳ್ಳೆಯವನ ಮುಖ ನೋಡಿ ಹೇಸಿಗೆಯೂ ಆಯಿತು.

ಬಸ್ಸಿಳಿದಾಗ ಬೀದಿ ಬೇರೆ ಯಾವುದೋ ಅನಿಸಿತು. ಅಂಗಡಿಗಳ ಬೋರ್ಡು ಬದಲಾಗಿದ್ದವು, ಪಾದಚಾರಿ ದಾರಿಯ ಕಲ್ಲುಗಳನ್ನು ಕಿತ್ತು ಗುಡ್ಡೆ ಹಾಕಿದ್ದರು. ಅಣ್ಣನ ಅಂಗಡಿ ಇದ್ದ ಕಡೆ ಯಾರೋ ಬೀಗದ ಕೈ ಮಾಡಿಕೊಡುತ್ತಿದ್ದರು. ಮುಂದೆ ಬೇಕರಿ ಕಂಡಿತು. ಇಷ್ಟು ದೂರ ನಡೆದು ಬರುತ್ತಾರೆಯೇ ಅವರು, ಆ ಮಂಡಿಯಲ್ಲಿ? ಉದ್ದನೆಯವನ ತೋಳು ಹಿಡಿದುಕೊಳ್ಳುತ್ತಾರೋ, ಇಲ್ಲ ಗೋಡೆ ಹಿಡಿದು ಬರುತ್ತಾರೋ? ತೋಳು ಹಿಡಿಯುವ ವಿಷಯಕ್ಕೆ ತಾನು ಚೌಕ ಹಾಕಿರಲಿಲ್ಲ ಎಂದು ನೆನಪಾಗಿ ಅವನಿಗೆ ಯಾಕೋ ಹೊಟ್ಟೆಕಿಚ್ಚಾಯಿತು. ತಾನು ಬರೆಯದ್ದನ್ನೂ ಅವನು ಮಾಡಿರಬಹುದು. ಬೇಕರಿಯಲ್ಲಿ ಏನಾದರೂ ತೆಗೆದುಕೊಳ್ಳೋಣ ಎಂದು ನಿಂತ. ಅತ್ತಿಗೆಗೆ ಸಿಹಿ ಇಷ್ಟವೋ ಖಾರ ಇಷ್ಟವೋ ನೆನಪಾಗಲಿಲ್ಲ. ಗಾಜಿನ ಹಿಂದಿನವನು ಏನು ಬೇಕು, ಏನು ಬೇಕು ಎಂದು ಎರಡು ಸಲ ಕೇಳಿದ, ಆಮೇಲೆ ಹಿಂದಿನವರನ್ನು ಮುಂದೆ ಕರೆದ. ಬರಿಗೈಯಲ್ಲೇ ಹೊರಟ. ಮೆಟ್ಟಿಲು ಹತ್ತಿ ಬೆಲ್ ಒತ್ತಿದ. ಒಳಗೆ ಸದ್ದಿಲ್ಲ. ಇನ್ನೊಂದು ಸಲ ಒತ್ತಿದ. ಒತ್ತಿದ ಮೇಲೆ ಕೈಯನ್ನು ಬೆಂಕಿ ಮುಟ್ಟಿದವನ ಹಾಗೆ ಎಳೆದುಕೊಂಡ.

‘ಬಂದೆ ಬಂದೆ, ಯಾರದು ಹೀಗೆ ಜೀವ ತೆಗೆಯೋದು?’ ಬಾಗಿಲು ತೆರೆಯಿತು. ಅತ್ತಿಗೆ ಇನ್ನೂ ಸಣ್ಣಗಾಗಿದ್ದರು. ಕನ್ನಡಕದ ಗಾಜು ದಪ್ಪವಾಗಿತ್ತು. ಅವನನ್ನು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಆ ಒಂದು ಕ್ಷಣ ತಾನು ಏನೂ ಆಗಿರಲಿಲ್ಲ ಎಂದು ಅವನಿಗೆ ಅನಿಸಿತು. ‘ಅಯ್ಯೋ ಶಿವನೇ, ನೀನಾ! ನಾನು ಅವನು ಬೇಗ ಬಂದ ಅಂದ್ಕೊಂಡೆ. ಅವನು ಹೀಗೆ ಬಡಿಯೋನಲ್ಲವಲ್ಲ ಅಂತ ಬೇರೆ… ಬಾ ಒಳಗೆ. ಊಟ ಆಯ್ತಾ?’

ಮನೆ ಮೊದಲಿನ ಹಾಗೆ ಇರಲಿಲ್ಲ. ಹೊಲಿಗೆ ಯಂತ್ರದ ಮೇಲಿನ ಮುಸುಕು ಹೋಗಿತ್ತು. ಅದರ ಪಕ್ಕ ಅರ್ಧ ಹೊಲಿದ ದಿಂಬಿನ ಚೀಲಗಳು, ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟ ಸೂಜಿಗಳು. ಕಿಟಕಿಗೆ ಹೊಸ ಪರದೆ ಬಂದಿತ್ತು. ಕುರ್ಚಿಗಳು ಎರಡೂ ಕಿಟಕಿಯ ಕಡೆ ಮುಖ ಮಾಡಿದ್ದವು. ಅವನು ಯಾವುದರಲ್ಲಿ ಕೂರಬೇಕೆಂದು ತಿಳಿಯದೆ ನಿಂತ. ಅತ್ತಿಗೆ ಟೀ ತಂದರು. ಅವರ ಮುಖದಲ್ಲಿ ಅವನು ಹೆದರಿಕೊಂಡು ಬಂದಿದ್ದ ಮುನಿಸು ಎಲ್ಲಿಯೂ ಇರಲಿಲ್ಲ, ಅದೇ ಅವನನ್ನು ಇನ್ನಷ್ಟು ತಬ್ಬಿಬ್ಬು ಮಾಡಿತು. ‘ಕೂತ್ಕೋ. ಫೋನ್ ಮಾಡಿದ್ದೆ ನಿನಗೆ, ಕೆಲಸದಲ್ಲಿದ್ಯೇನೋ. ಹೇಳೋಣ ಅಂತಿದ್ದೆ. ಮೊದಲನೇ ದಿನ ಆ ಹುಡುಗ ಬಂದು ಫೋನಿನಲ್ಲಿ ನೋಡ್ಕೊಂಡು, ಅತ್ತಿಗೆ ಅನ್ನೋರು ಇದ್ದಾರಾ ಅಂದ. ನಗು ಬಂತು ನನಗೆ. ಈ ಲೋಕದಲ್ಲಿ ನನ್ನ ಅತ್ತಿಗೆ ಅನ್ನೋನು ನೀನೊಬ್ಬನೇ. ಬರೋಕಾಗಲ್ಲ ಅಂತ ಮನುಷ್ಯನನ್ನ ಕಳಿಸಿದ್ದಾನೆ, ಎಷ್ಟೇ ಆದ್ರೂ ನಮ್ಮ ಹುಡುಗ ಅಂದ್ಕೊಂಡೆ. ನಿಮ್ಮಣ್ಣನ ಫೋಟೋಗೂ ಹೇಳ್ದೆ, ನೋಡಿ, ಮರೆತಿಲ್ಲ ಅಂತ.’

ಅವನು ಲೋಟ ಕೆಳಗಿಟ್ಟ. ಇಷ್ಟು ಕೇಳಿ ಸುಮ್ಮನೆ ಇದ್ದುಬಿಡಬಹುದಿತ್ತು. ಹೌದು ಅತ್ತಿಗೆ ಎಂದಿದ್ದರೆ ಮುಗಿಯುತ್ತಿತ್ತು. ಅವನೇನು ಸುಳ್ಳು ಹೇಳದ ಸತ್ಯವಂತನಲ್ಲ, ಮಧ್ಯಾಹ್ನ ತಾನೇ ಗುಬ್ಬಿಯ ಮುಂದೆ ಹೇಳಿ ಬಂದಿದ್ದ. ಆದರೆ ಹೊಗಳಿಕೆ ಮೈಮೇಲೆ ಬೇರೆಯವರ ಅಂಗಿಯ ಹಾಗೆ ಚುಚ್ಚುತ್ತಿತ್ತು, ಬಿಚ್ಚಿ ಎಸೆಯದೆ ಉಸಿರಾಡುವುದಾಗಲಿಲ್ಲ. ಹೇಳಿಬಿಟ್ಟ. ಪ್ರಯೋಗದ ಗಿರಾಕಿ ಎಂದರೆ ಏನು, ವಿಳಾಸ ಹೇಗೆ ಬಂತು, ಸರ್ವರ್ ಬದಲಾದಾಗ ಏನಾಯಿತು, ಎಲ್ಲ. ಅರ್ಧದಲ್ಲಿ ಅವನಿಗೇ ತಾನು ಆಫೀಸಿನಲ್ಲಿ ಹೊಸಬರಿಗೆ ಪಾಠ ಹೇಳುತ್ತಿರುವ ಹಾಗೆ ಕೇಳಿಸಿತು, ಆದರೂ ನಿಲ್ಲಿಸುವುದಾಗಲಿಲ್ಲ. ‘ಅಂದ್ರೆ ನಾನು ಕಳಿಸಿದ್ದಲ್ಲ ಅತ್ತಿಗೆ. ಯಾರೂ ಕಳಿಸಿದ್ದಲ್ಲ. ತಪ್ಪಾಗಿ ಆಗಿದ್ದು,’ ಎಂದು ಮುಗಿಸಿದ. ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಯಿತು. ಆ ಹಗುರದಲ್ಲಿ ಟೀ ಎತ್ತಿ ಒಂದು ಗುಟುಕು ಕುಡಿದ.

ಅತ್ತಿಗೆ ಕಿಟಕಿಯ ಪರದೆಯ ಅಂಚನ್ನು ಬೆರಳಲ್ಲಿ ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ‘ಇದನ್ನ ನನಗೆ ಯಾಕೆ ಹೇಳ್ದೆ?’ ಎಂದರು.

‘ಸುಳ್ಳು ಹೇಳಬಾರದು ಅಂತ…’

‘ಯಾರು ನಿನ್ನ ಕೇಳಿದ್ರು? ನಾನು ಕೇಳಿದ್ನಾ? ನಿನ್ನ ಹೊಟ್ಟೆಯಲ್ಲಿ ಇದ್ದದ್ದು ಇಲ್ಲಿ ತಂದು ಸುರಿದು ಹಗುರ ಮಾಡ್ಕೊಂಡೆ. ಈಗ ನಾನು ಇದನ್ನ ಎಲ್ಲಿ ಸುರೀಲಿ, ಹೇಳು.’ ಅವರು ಪರದೆಯನ್ನು ಕೈಬಿಟ್ಟರು. ‘ಅವನು ಬಂದು ಕೂತಾಗೆಲ್ಲ ನನ್ನ ಮೈದುನ ಕಳಿಸಿದ್ದಾನೆ ಅಂತ ಒಂದು ಇತ್ತು ನನಗೆ. ಅದೊಂದನ್ನ ಇಟ್ಕೊಂಡು ಹೊಲಿಯೋಕೆ ಕೂತಿದ್ದೆ. ಅದನ್ನೂ ತಗೊಂಡು ಹೋಗೋಕೆ ಬಂದ್ಯಲ್ಲಪ್ಪ.’

ಅವನಿಗೆ ಅಳು ಬಂತು. ಅಳುವುದಕ್ಕೆ ತನಗೆ ಹಕ್ಕಿದೆಯೋ ಇಲ್ಲವೋ ತಿಳಿಯಲಿಲ್ಲ. ‘ನಾನೇ ಬರ್ತೀನಿ ಅತ್ತಿಗೆ,’ ಎಂದ. ‘ಇನ್ಮೇಲೆ ಅವನು ಬೇಡ. ಪ್ರತಿ ಗುರುವಾರ ನಾನೇ ಬರ್ತೀನಿ. ಅಣ್ಣನಾಣೆ.’ ಹೇಳುತ್ತಿದ್ದಂತೆ ಅದು ನಿಜ ಅನಿಸಿತು, ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ ಎನಿಸಿತು, ಬರುವ ಗುರುವಾರ ಏನೋ ಮೀಟಿಂಗಿದೆಯಲ್ಲವೇ ಎಂದೂ ಅನಿಸಿತು.

‘ಬೇಡ,’ ಎಂದರು ಅತ್ತಿಗೆ. ‘ಆಣೆ ಗೀಣೆ ಇಡ್ಬೇಡ. ನಿನ್ನ ಎತ್ತಿ ಆಡಿಸಿದವಳು ನಾನು, ನಿನ್ನ ಬುದ್ಧಿ ಗೊತ್ತಿಲ್ವಾ? ಎರಡು ವಾರ ಬರ್ತೀಯ. ಮೂರನೇ ವಾರ ನಾನು ಬಾಗಿಲು ನೋಡ್ಕೊಂಡು ಕೂತಿರ್ಬೇಕು. ನೀನು ಬರಲಿಲ್ಲ ಅಂತ ನನಗೆ ಸಿಟ್ಟು, ಬರಲಿಲ್ಲ ಅಂತ ನಿನಗೆ ನಾಚಿಕೆ, ಮತ್ತೆ ವರ್ಷ. ಅವನನ್ನೇ ಕಳಿಸು. ನಿನ್ನ ಕೈಲಿ ಆಗೋದು ಅದೊಂದು, ಅದನ್ನಾದ್ರೂ ಸರಿಯಾಗಿ ಮಾಡು.’

ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆಯಲೋ ಬೇಡವೋ ಎಂದು ಅತ್ತಿಗೆಯ ಮುಖ ನೋಡಿದ. ಅವರು ತಲೆಯಾಡಿಸಿದರು. ಮ್ಯಾನೇಜರ್. ‘ಎಲ್ಲಿದ್ದೀರಿ ನೀವು? ಪ್ರಯೋಗದ್ದು ಒಂದು ಹಾಗೇ ಉಳಿದಿದೆ. ಅತ್ತಿಗೆ ಅಂತ ಏನೋ ಹೆಸರು. ಗುಬ್ಬಿ ಮುಟ್ಟೋಕೆ ಹೆದರ್ತಾ ಇದ್ದಾಳೆ. ನಾನೇ ಅಳಿಸಲಾ?’

‘ಅಳಿಸಬೇಡಿ ಮೇಡಂ. ಅದು ನಿಜವಾದ ಗಿರಾಕಿ.’

‘ನಿಜವಾದ್ದಾ? ಯಾರು ಗೊತ್ತುಮಾಡಿದ್ದು ಹಾಗಾದ್ರೆ? ಯಾರ ಹೆಸರು ಹಾಕಲಿ?’

ಅತ್ತಿಗೆ ಕೇಳಿಸಿಕೊಳ್ಳುತ್ತಿದ್ದರು, ಸೂಜಿಯೊಂದನ್ನು ಕಿತ್ತು ಬೆಳಕಿಗೆ ಹಿಡಿದುಕೊಂಡು. ‘ನನ್ನ ಹೆಸರು ಹಾಕಿ,’ ಎಂದ. ‘ನನಗೆ ಅತ್ತಿಗೆ ಆಗಬೇಕು. ಮುಂದಕ್ಕೂ ಹೋಗ್ತಿರಲಿ. ಬಿಲ್ ನನಗೆ ಕಳಿಸಿ.’  ಆ ಕಡೆಯಿಂದ ಮ್ಯಾನೇಜರ್ ಮೆತ್ತಗೆ, ‘ಓ, ಸರಿ ಸರಿ. ಅವರು ಬಹಳ ದೂರದಲ್ಲಿ ಇದ್ದಾರಾ?’ ಎಂದರು. ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ ತಿಳಿಯದೆ ಫೋನಿಟ್ಟ. ಈಗ ಅತ್ತಿಗೆ ಏನಾದರೂ ಅನ್ನುತ್ತಾರೆ ಎಂದು ಕಾದ. ಒಳ್ಳೆಯದು ಮಾಡಿದೆ ಎನ್ನಬಹುದು, ಇನ್ನೊಂದು ಲೋಟ ಟೀ ಕೊಡಲಾ ಎನ್ನಬಹುದು. ಈಗಂತೂ ನಿಜವಾಗಿಯೂ ಕಳಿಸುತ್ತಿರುವವನು ತಾನೇ ಅಲ್ಲವೇ, ಮೊದಲು ಅಂದುಕೊಂಡಿದ್ದೆಲ್ಲ ಈಗ ನಿಜವಾಯಿತಲ್ಲ, ಹಾಗಾದರೆ ಮತ್ತೆ ಮೊದಲಿನ ಹಾಗೆ ನಗಬಾರದೇಕೆ ಅವರು? ಅತ್ತಿಗೆ ಗಡಿಯಾರ ನೋಡಿದರು.

ಬೆಲ್ ಒಂದು ಸಲ ಆಯಿತು. ಅತ್ತಿಗೆ ಕೂದಲು ಸರಿಮಾಡಿಕೊಂಡು, ಕುರ್ಚಿಯ ತೋಳು ಹಿಡಿದು ಮೆಲ್ಲಗೆ ಏಳತೊಡಗಿದರು. ನೀವು ಕೂತಿರಿ ಎಂದು ಅವನೇ ಹೋಗಿ ಬಾಗಿಲು ತೆಗೆದ. ಹೊರಗೆ ನಿಂತಿದ್ದವನು ಅಂಥ ಉದ್ದವೇನೂ ಇರಲಿಲ್ಲ, ಸಾಧಾರಣ ಮನುಷ್ಯ, ಅಂಗಿಯ ತೋಳು ಮಡಿಸಿದ್ದ, ಕೈಯಲ್ಲಿ ಬೇಕರಿಯ ಸಣ್ಣ ಪೊಟ್ಟಣ. ಬಂದವನು ಬಿಟ್ಟ ಚಪ್ಪಲಿ ಗೋಡೆಯ ಪಕ್ಕ ತನ್ನದೇ ಜಾಗ ಎನ್ನುವ ಹಾಗೆ ಕೂತಿತ್ತು. ‘ಅಮ್ಮ ಇದ್ದಾರಲ್ವಾ?’ ಎಂದ, ಆಮೇಲೆ ಸ್ವಲ್ಪ ಸಂಕೋಚದಿಂದ, ‘ತಾವು ಯಾರು ಅಂತ ಗೊತ್ತಾಗ್ಲಿಲ್ಲ.’

ಅವನು ಬಾಗಿಲು ಹಿಡಿದುಕೊಂಡೇ ಒಳಗೆ ತಿರುಗಿ ನೋಡಿದ. 

‘ಅವನು ನನ್ನ ಮೈದುನ,’ ಎಂದರು ಅತ್ತಿಗೆ ಒಳಗಿನಿಂದ. ‘ನೀನು ಬಾರಪ್ಪ ಒಳಗೆ. ಅವನು ಹೊರಟಿದ್ದಾನೆ.’

ಹೊರಡುತ್ತೇನೆ ಎಂದು ಅವನು ಹೇಳಿರಲಿಲ್ಲ. ಲೋಟದಲ್ಲಿ ಟೀ ಇನ್ನೂ ಅರ್ಧ ಇತ್ತು. ಬಂದವನಿಗೆ ದಾರಿ ಬಿಟ್ಟು ಹೊರಗೆ ಬಂದು, ಗೋಡೆಯ ಪಕ್ಕ ಬಗ್ಗಿ ತನ್ನ ಚಪ್ಪಲಿ ಹುಡುಕಿದ.